ತಿರುವಳ್ಳುವರ್ ಏಕಶಿಲೆಯೇ? ಇಲ್ಲ, ಸಂದುಗಳನ್ನು ನೋಡಿ

ಪ್ರಶ್ನೆ: ಕನ್ಯಾಕುಮಾರಿಯಲ್ಲಿ ಸಮುದ್ರದ ನಡುವೆ ನಿಂತಿರುವ ತಿರುವಳ್ಳುವರ್ ಪ್ರತಿಮೆ 133 ಅಡಿ ಎತ್ತರವಂತೆ. ಹಾಗಾದರೆ ನಮ್ಮ ಗೊಮ್ಮಟನಿಗಿಂತ ದೊಡ್ಡ ಏಕಶಿಲಾ ವಿಗ್ರಹ ಅದೇ ಅಲ್ಲವೇ?

ಶಾಲಾ ಪ್ರವಾಸದ ಬಸ್ಸುಗಳು ದಕ್ಷಿಣಕ್ಕೆ ಹೊರಟವೆಂದರೆ ಈ ಪ್ರಶ್ನೆಯೂ ಬರುತ್ತದೆ. ಮಕ್ಕಳು ಕೇಳಿದರೆ ಬೇಸರವಿಲ್ಲ. ಕರೆದುಕೊಂಡು ಹೋಗುವ ಶಿಕ್ಷಕರೇ ‘ಏಕಶಿಲೆ, ಬರೆದುಕೊಳ್ಳಿ’ ಎಂದು ಟಿಪ್ಪಣಿ ಹೇಳುವುದನ್ನು ಕೇಳಿದಾಗ ಮಾತ್ರ ತಡೆಯಲಾಗುವುದಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಎತ್ತರದ ವಿಷಯ ಮೊದಲು ಮುಗಿಸೋಣ. ವಳ್ಳುವರ್ ಬರೆದ ತಮಿಳು ನೀತಿಗ್ರಂಥ ತಿರುಕ್ಕುರಳಿನಲ್ಲಿ 133 ಅಧ್ಯಾಯಗಳಿವೆ, ಅದಕ್ಕೇ 133 ಅಡಿ. ಅದರಲ್ಲಿ ಪೀಠವೇ 38 ಅಡಿ. ಧರ್ಮವನ್ನು ಹೇಳುವ ಭಾಗದಲ್ಲಿ 38 ಅಧ್ಯಾಯಗಳಿವೆ. ಅರ್ಥದ 70, ಕಾಮದ 25 ಕೂಡಿದರೆ 95. ವಿಗ್ರಹದ ಎತ್ತರ ಅಷ್ಟು. ಧರ್ಮದ ಮೇಲೆ ಅರ್ಥ ಕಾಮಗಳನ್ನು ನಿಲ್ಲಿಸಿದ್ದಾರೆ. ಮೇಲೆತ್ತಿದ ಮೂರು ಬೆರಳುಗಳೂ ಈ ಮೂರನ್ನೇ ತೋರಿಸುತ್ತವೆ.

ಇನ್ನು ಏಕಶಿಲೆ. ಏಕಶಿಲೆ ಎಂದರೆ ಏನೆಂಬುದಕ್ಕೆ ಶ್ರವಣಬೆಳಗೊಳಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಚಾವುಂಡರಾಯನ ಕಾಲದಲ್ಲಿ, 981ರ ಹೊತ್ತಿಗೆ, ಶಿಲ್ಪಿಗಳು ವಿಂಧ್ಯಗಿರಿಯ ನೆತ್ತಿಯ ಬಂಡೆಯನ್ನೇ ಕಡೆದು 58 ಅಡಿಯ ಗೊಮ್ಮಟನನ್ನು ಬಿಡಿಸಿಕೊಂಡರು. ಬಂಡೆ ಇದ್ದಲ್ಲಿಯೇ ವಿಗ್ರಹವಾಯಿತು. ಕನ್ಯಾಕುಮಾರಿಯಲ್ಲಿ ಹಾಗೆ ಮಾಡಬೇಕಿದ್ದರೆ ಸಮುದ್ರದ ಮಧ್ಯೆ 133 ಅಡಿಗೂ ಮಿಗಿಲಾದ ಗುಡ್ಡವೊಂದು ಮೊದಲೇ ಇರಬೇಕಿತ್ತು. ಅಲ್ಲಿರುವುದು ಅಲೆಗಳಿಂದ ಸ್ವಲ್ಪವೇ ಮೇಲೆದ್ದ ತಗ್ಗು ಬಂಡೆ.

‘ಬೇರೆಲ್ಲೋ ಕಡೆದು ತಂದಿರಬಹುದಲ್ಲ?’ ಎನ್ನುತ್ತಾರೆ. ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದ ಸಾಹಸವನ್ನು ಆ ಕಡೆಯ ಹಿರಿಯರಿಂದ ಒಮ್ಮೆ ಕೇಳಿ. ಅದು ನೆಲದ ಮೇಲಿನ ದಾರಿ. ಕನ್ಯಾಕುಮಾರಿಯ ರಚನೆಯ ತೂಕ ಸುಮಾರು 7,000 ಟನ್. ಅದನ್ನು ಇಡಿಯಾಗಿ ಹೊತ್ತು ತರುವ ದೋಣಿ ಯಾವುದು?

ಆ ಪ್ರತಿಮೆಯಲ್ಲಿ 3,681 ಕಲ್ಲುಗಳಿವೆ. ಒಂದೊಂದನ್ನೂ ಕಡೆದು, ಬಂಡೆಗೆ ಸಾಗಿಸಿ, ವರಸೆಯ ಮೇಲೆ ವರಸೆ ಇಟ್ಟು ಏರಿಸಿದ್ದಾರೆ. 1990ರಲ್ಲಿ ಶುರುವಾದ ಕೆಲಸ ಮುಗಿದು, 2000ದ ಜನವರಿ 1ರಂದು ಪ್ರತಿಮೆ ಅನಾವರಣಗೊಂಡಿತು.

ಇಷ್ಟಾದರೂ ತಪ್ಪು ನಂಬಿಕೆ ಏಕೆ ಸಾಯುವುದಿಲ್ಲ ಎಂದರೆ, ಬಹಳ ಜನ ಪ್ರತಿಮೆಯ ಹತ್ತಿರಕ್ಕೇ ಹೋಗಿಲ್ಲ. ಸಮುದ್ರದ ನೀರು ಇಳಿದ ಹೊತ್ತಿನಲ್ಲಿ ದೋಣಿ ಪಕ್ಕದ ವಿವೇಕಾನಂದ ಬಂಡೆಯವರೆಗೆ ಮಾತ್ರ ಹೋಗುತ್ತಿತ್ತು. ಅಲ್ಲಿಂದಲೇ ಫೋಟೊ ತೆಗೆದುಕೊಂಡು ಮರಳುತ್ತಿದ್ದರು. ಅಷ್ಟು ದೂರಕ್ಕೆ ಸಂದುಗಳು ಕಾಣುವುದಿಲ್ಲ. 2024ರ ಡಿಸೆಂಬರ್ ಕೊನೆಗೆ ಎರಡು ಬಂಡೆಗಳ ನಡುವೆ 77 ಮೀಟರ್ ಉದ್ದದ ಗಾಜಿನ ಸೇತುವೆ ತೆರೆದಿದೆ, ಇನ್ನು ನೆಪ ಬೇಡ. ನಡೆದು ಹೋಗಿ, ಪೀಠದೊಳಗಿನ ಮೆಟ್ಟಿಲು ಹತ್ತಿ, ವಳ್ಳುವರ್ ಪಾದದ ಬಳಿ ನಿಲ್ಲಿ. ಹಿಂದೊಮ್ಮೆ ನನ್ನ ಜೊತೆ ಬಂದಿದ್ದ ಏಳನೇ ತರಗತಿಯ ಹುಡುಗಿ ಅಲ್ಲಿ ಬೆರಳಾಡಿಸುತ್ತಾ, ‘ಸಾರ್, ಇಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ’ ಎಂದಳು. ಎರಡು ಕಲ್ಲುಗಳು ಕೂಡಿದ ಗೆರೆ ಅದು. ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಮೈಯುದ್ದಕ್ಕೂ ಅಡ್ಡಗೆರೆಗಳು ಕಾಣುತ್ತಾ ಹೋಗುತ್ತವೆ.

ಏಕಶಿಲೆಯಲ್ಲ ಎಂದಾಕ್ಷಣ ಕೆಲವರ ಮುಖ ಸಪ್ಪಗಾಗುತ್ತದೆ, ಪ್ರತಿಮೆಯ ಬೆಲೆಯೇ ಇಳಿಯಿತೇನೋ ಎಂಬಂತೆ. ನನಗೆ ನೋವಾಗುವುದು ಅಲ್ಲಿಯೇ. ಬೇಲೂರು, ಹಳೇಬೀಡಿನ ಗುಡಿಗಳನ್ನು ಕಲ್ಲಿಗೆ ಕಲ್ಲು ಕೂಡಿಸಿಯೇ ಕಟ್ಟಿದ್ದು. ಅವುಗಳನ್ನು ಯಾರಾದರೂ ಕೀಳೆನ್ನುತ್ತಾರೆಯೇ? ಈ ಪ್ರತಿಮೆಯನ್ನು ರೂಪಿಸಿದ ಸ್ಥಪತಿ ವಿ. ಗಣಪತಿ ಅವರ ಮುಂದಿದ್ದ ಕಷ್ಟವನ್ನು ನೆನೆಯಿರಿ. ವಳ್ಳುವರ್ ನೆಟ್ಟಗೆ ನಿಂತಿಲ್ಲ, ನಟರಾಜನಂತೆ ಸೊಂಟ ಬಾಗಿದೆ. ಒಳಗೆ ಬಹುತೇಕ ನೆತ್ತಿಯವರೆಗೂ ಟೊಳ್ಳು. ಬಾಗಿದ ಮೈಯ ಭಾರವನ್ನು ಆ ಟೊಳ್ಳಿನೊಳಗಿನ ಕಲ್ಲಿನ ತೊಲೆಗಳು ಹಿಡಿದು ನಿಲ್ಲಿಸಬೇಕು. ಗಾಳಿ, ಉಪ್ಪುನೀರು, ಅಲೆಗಳ ನಡುವೆ ಇದು ನಿಂತಿದೆ. 2004ರ ಡಿಸೆಂಬರ್ 26ರ ಸುನಾಮಿ ಬಡಿದಾಗಲೂ ನಿಂತಿತು. ಇದೇ ಸ್ಥಪತಿ ರೂಪಿಸಿದ ಹವಾಯಿಯ ಇರೈವನ್ ದೇವಾಲಯದ ಕಲ್ಲುಗಳನ್ನು ನಮ್ಮ ಬೆಂಗಳೂರಿನ ಬಳಿ ಕೈಯಿಂದಲೇ ಕಡೆದು ಹಡಗಿನಲ್ಲಿ ಕಳುಹಿಸಿದ್ದರು.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ: ವಳ್ಳುವರ್ ಹೀಗೆಯೇ ಇದ್ದರೆಂದು ಯಾರಿಗೆ ಗೊತ್ತು? ಯಾರಿಗೂ ಗೊತ್ತಿಲ್ಲ. ಅವರ ಕಾಲವೇ ಇನ್ನೂ ಚರ್ಚೆಯಲ್ಲಿದೆ. ಜಡೆಗಟ್ಟಿದ ಕೂದಲು, ನೀಳ ಗಡ್ಡದ ಈಗಿನ ಪರಿಚಿತ ಮುಖ ಕೆ.ಆರ್. ವೇಣುಗೋಪಾಲ ಶರ್ಮ ಎಂಬ ಚಿತ್ರಕಾರರ ಕಲ್ಪನೆ. 1960ರ ದಶಕದಲ್ಲಿ ಸರ್ಕಾರ ಅದಕ್ಕೆ ಮನ್ನಣೆ ಕೊಟ್ಟಿತು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಹದಿನೆಂಟು ವರ್ಷ ಮುಸುಕು ಹೊದ್ದಿದ್ದು, 2009ರ ಆಗಸ್ಟ್ 9ರಂದು ಅನಾವರಣಗೊಂಡ ವಳ್ಳುವರನ್ನು ನೀವು ನೋಡಿಯೇ ಇರುತ್ತೀರಿ.

ಅದಾದ ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಅವನ ಮುಖವೂ ಕಲ್ಪನೆಯದೇ. ಚೆನ್ನೈಗೆ ಹೋಗುವ ನಮ್ಮ ಪ್ರವಾಸದ ಬಸ್ಸುಗಳು ಮರೀನಾದಿಂದ ನೇರ ಮಹಾಬಲಿಪುರಕ್ಕೆ ತಿರುಗುತ್ತವೆ. ನಾನು ಒಮ್ಮೆ ಹಟ ಹಿಡಿದು ಬಸ್ಸನ್ನು ಅಯನಾವರಕ್ಕೆ ತಿರುಗಿಸಿದೆ. ಮಕ್ಕಳು ಅಲ್ಲಿ ನಿಂತು ತಮಗೆ ಬಾಯಿಪಾಠವಿದ್ದ ತ್ರಿಪದಿಗಳನ್ನೆಲ್ಲ ಒಂದಾದ ಮೇಲೊಂದು ಹೇಳಿದರು.