ಕೈತುಂಬ ಸಂಬಳ ಇದ್ದರೂ ಕೆಲಸ ಯಾಕೆ ಬೇಜಾರು?

ಪ್ರಶ್ನೆ: ಸಂಬಳ ಚೆನ್ನಾಗೇ ಬರ್ತಿದೆ. ಆದರೂ ಭಾನುವಾರ ಸಂಜೆ ಆಯಿತೆಂದರೆ ಹೊಟ್ಟೆಯಲ್ಲಿ ಏನೋ ಸಂಕಟ. ಮನೆಯಲ್ಲಿ ಹೇಳಿದರೆ 'ಇನ್ನೇನು ಬೇಕು ನಿನಗೆ' ಅಂತಾರೆ. ನನ್ನಲ್ಲೇ ಏನಾದರೂ ದೋಷ ಇದೆಯಾ?

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಕೇಳುವವರ ಊರು, ವಯಸ್ಸು ಬದಲಾಗುತ್ತದೆ. ಆ ಭಾನುವಾರದ ಸಂಜೆ ಮಾತ್ರ ಹಾಗೇ ಇರುತ್ತದೆ. ಈ ಸಲ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೇಜಾರಿನ ಕಾರಣಗಳು ನಿಮಗೆ ಗೊತ್ತಿರುವವೇ. ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಮ್ಯಾನೇಜರ್ ತಮಗೆ ಬೇಕಾದವರಿಗೆ ಮಾತ್ರ ಪ್ರಮೋಷನ್ ಕೊಡಿಸುತ್ತಾರೆ. ರಾತ್ರಿ ಹತ್ತಕ್ಕೂ ಫೋನ್ ಬರುತ್ತದೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ಇದನ್ನೆಲ್ಲ ಜನ ತಾವೇ ಹೇಳುತ್ತಾರೆ. ಹೇಳಿ ಮುಗಿಸಿ, ಕೊನೆಗೆ ಒಂದು ಮಾತು ಸೇರಿಸುತ್ತಾರೆ: 'ಸಂಬಳ ಇನ್ನೊಂಚೂರು ಜಾಸ್ತಿ ಆದರೆ ಎಲ್ಲ ಸರಿಹೋಗುತ್ತೆ ಬಿಡಿ.' ನನ್ನ ಜಗಳ ಇರುವುದು ಈ ಮಾತಿನ ಜೊತೆ.

ಇದು ಎಲ್ಲಿಂದ ಹುಟ್ಟುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಎಚ್‌ಆರ್‌ನಲ್ಲಿದ್ದಾಗ, ಕೆಲಸ ಬಿಡುವವರಿಂದ ಒಂದು ಫಾರಂ ತುಂಬಿಸಿಕೊಳ್ಳುತ್ತಿದ್ದೆ. 'ಬಿಡಲು ಕಾರಣ' ಅನ್ನುವ ಕಡೆ ಹೆಚ್ಚುಕಮ್ಮಿ ಎಲ್ಲರೂ 'ಬೇರೆ ಕಡೆ ಹೆಚ್ಚಿನ ಸಂಬಳ' ಅನ್ನುವುದಕ್ಕೇ ಟಿಕ್ ಹಾಕುತ್ತಿದ್ದರು. ಪಾಪ, ಇನ್ನೇನು ಮಾಡಿಯಾರು? ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿರುವುದಿಲ್ಲ. ಹೊಸ ಕಂಪನಿಯವರು ನಾಳೆ ಇದೇ ಮ್ಯಾನೇಜರ್‌ಗೆ ಫೋನ್ ಮಾಡಿ ವಿಚಾರಿಸಬಹುದು. ಸಂಬಳ ಅಂದುಬಿಟ್ಟರೆ ಯಾರಿಗೂ ನೋವಿಲ್ಲ.

ಹಾಸನದ ಕಡೆಯ ಹುಡುಗನೊಬ್ಬ ಹಾಗೇ ಟಿಕ್ ಹಾಕಿ, ಲ್ಯಾಪ್‌ಟಾಪು, ಚಾರ್ಜರು ಮೇಜಿನ ಮೇಲಿಟ್ಟ. ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತೇ ಇದ್ದ. ಆಮೇಲೆ ಹೇಳಿದ: 'ಮೇಡಂ, ಆರು ವಾರ ಕೂತು ಒಂದು ಪ್ರೋಗ್ರಾಂ ಬರೆದೆ. ಅದು ಬೇಡ ಅಂತ ಎರಡನೇ ವಾರದಲ್ಲೇ ತೀರ್ಮಾನ ಆಗಿತ್ತಂತೆ. ನನಗೆ ಗೊತ್ತಾಗಿದ್ದು ಕ್ಯಾಂಟೀನಲ್ಲಿ.' ಹೊಸ ಕಡೆ ಅವನಿಗೆ ಸಿಗುತ್ತಿದ್ದದ್ದು ತಿಂಗಳಿಗೆ ಎರಡು ಸಾವಿರ ಜಾಸ್ತಿ. ಫೈಲಿನಲ್ಲಿ 'ಸಂಬಳ' ಅಂತಲೇ ಉಳಿಯಿತು. ಅದನ್ನು ತಿದ್ದಿ ಬರೆಯಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು 1950ರ ದಶಕದಲ್ಲೇ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿದ್ದರು. ಸಂಬಳ ಕಮ್ಮಿಯಾದರೆ ಚುಚ್ಚುತ್ತದೆ, ಸರಿಯಾದರೆ ಚುಚ್ಚುವುದು ನಿಲ್ಲುತ್ತದೆ, ಖುಷಿ ಬರುವುದು ಮಾಡುವ ಕೆಲಸದಿಂದ ಮತ್ತು ಅದಕ್ಕೆ ಸಿಗುವ ಮೆಚ್ಚುಗೆಯಿಂದ ಅಂತ ಅವರು ಹೇಳಿದರು. ಅವರ ವಿಧಾನದ ಮೇಲೆ ತಕರಾರುಗಳು ಬಂದವು, ನಿಜ. ಆದರೆ 2010ರಲ್ಲಿ ತಿಮೋತಿ ಜಡ್ಜ್ ಅನ್ನುವ ಸಂಶೋಧಕರು ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗಲೂ ಸಂಬಳಕ್ಕೂ ತೃಪ್ತಿಗೂ ಇರುವ ನಂಟು ತೀರಾ ತೆಳುವಾಗಿಯೇ ಕಂಡಿತು.

ನಾನು ಎಲ್ಲರಿಗೂ ಹೇಳುವುದು ಇನ್ನೊಂದು ಅಧ್ಯಯನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಸಂಬಳ ಒಂದು ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಸಂಶೋಧಕರು ಕೆಲವರಿಗೆ ಮಾತ್ರ ಆ ವಿಷಯ ತಿಳಿಸಿದರು. ನೋಡಿದವರಲ್ಲಿ, ಜೊತೆಯವರಿಗಿಂತ ತಮಗೆ ಕಮ್ಮಿ ಅಂತ ಗೊತ್ತಾದವರ ತೃಪ್ತಿ ಇಳಿಯಿತು, ಬೇರೆ ಕೆಲಸ ಹುಡುಕುವ ಮನಸ್ಸಾಯಿತು. ಜಾಸ್ತಿ ಇದ್ದವರ ಖುಷಿ ಏನೂ ಏರಲಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ಯಾರ ಸಂಬಳವೂ ಒಂದು ಪೈಸೆ ಬದಲಾಗಿರಲಿಲ್ಲ, ಗಮನಿಸಿ! ಅವರನ್ನು ಚುಚ್ಚಿದ್ದು 'ನನಗೇ ಯಾಕೆ ಹೀಗೆ' ಅನ್ನುವುದು.

ಹಾಗಂತ ದುಡ್ಡು ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ಬಾಡಿಗೆಗೆ, ಮಕ್ಕಳ ಫೀಸಿಗೆ ಸಾಲದಿದ್ದಾಗ ಸಂಬಳವೇ ಮೊದಲ ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಸಿಡಿದದ್ದು ವೇತನ ಸರಿಯಾಗಿ ಕೊಡುತ್ತಿಲ್ಲ ಅನ್ನುವ ದೂರಿನಿಂದಲೇ. ಅವರ ಮುಂದೆ ಹೋಗಿ ಮೆಚ್ಚುಗೆ, ತೃಪ್ತಿ ಅಂತ ಪಾಠ ಹೇಳುವುದು ತಪ್ಪು. ಆದರೆ ನೀವು ಬರೆದಿರುವುದು ಸಂಬಳ ಚೆನ್ನಾಗಿದೆ ಅಂತ.

ನೀವು ಇಷ್ಟು ಮಾಡಿ. ಎರಡು ವಾರ, ದಿನಾ ಸಂಜೆ ಒಂದೇ ಸಾಲು ಬರೆಯಿರಿ: ಇವತ್ತು ಯಾವ ಹೊತ್ತಿನಲ್ಲಿ ಮನಸ್ಸು ಮುದುಡಿತು, ಎದುರಿಗೆ ಯಾರಿದ್ದರು. 'ಕೆಲಸ ಬೇಜಾರು' ಅಂತ ಬರೆಯಬೇಡಿ. 'ಮೀಟಿಂಗ್‌ನಲ್ಲಿ ನನ್ನ ಸ್ಲೈಡನ್ನು ಅವರದ್ದು ಅಂತ ತೋರಿಸಿದರು' ಅಂತ ಬರೆಯಿರಿ. ಒಂದೇ ಹೆಸರು ನಾಲ್ಕು ಸಲ ಬಂದರೆ ಟೀಮ್ ಬದಲಾಯಿಸಿದರೂ ಸಾಕಾಗಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಯೋಚನೆ ಬರುವುದು ನನಗೆ ಗೊತ್ತು: ಸರ್ಕಾರಿ ಕೆಲಸ ಸಿಕ್ಕರೆ ಈ ತಾಪತ್ರಯವೇ ಇಲ್ಲ, ಅಲ್ವಾ? ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ವೈಟ್‌ಹಾಲ್ ಎರಡನೇ ಅಧ್ಯಯನ ಶುರುವಾಯಿತು. ಅದರಲ್ಲಿದ್ದವರು 10,308 ಜನ. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡುಬಂತು. ಅವರೆಲ್ಲ ಸರ್ಕಾರಿ ಕೆಲಸದಲ್ಲೇ ಇದ್ದವರು. ಹಾಗಾಗಿ ವಿಜಯನಗರದ ಕೋಚಿಂಗ್ ಸೆಂಟರಿಗೆ ಫೀಸು ಕಟ್ಟುವ ಮೊದಲು, ನಿಮಗೆ ಬೇಕಾದ ಹುದ್ದೆಯಲ್ಲೇ ಇರುವ ಒಬ್ಬರನ್ನು ಭೇಟಿ ಮಾಡಿ. ಸಂಬಳ, ಪೆನ್ಷನ್ ವಿಷಯ ಆಮೇಲೆ ಕೇಳಿ. ಕಚೇರಿಯಲ್ಲಿ ದಿನಕ್ಕೆ ಎಷ್ಟು ವಿಷಯ ನೀವೇ ತೀರ್ಮಾನ ಮಾಡ್ತೀರಿ ಅಂತ ಮೊದಲು ಕೇಳಿ.