ಸಹಿ ಇರಲಿ, ಮೊದಲು ಮೂಗು ತೋರಿಸಿ

ಡಿಸೆಂಬರ್ ಬಂತೆಂದರೆ, ತಮ್ಮನ್ನು ರೋಗಿಗಳೆಂದು ಒಪ್ಪದ ಒಂದು ಗುಂಪು ನನ್ನ ಕಿವಿ-ಮೂಗು-ಗಂಟಲಿನ ಕ್ಲಿನಿಕ್ಕಿಗೆ ಬರತೊಡಗುತ್ತದೆ. ನರಸಾಪುರದ ಕಾರ್ಖಾನೆಯಲ್ಲೋ ವೈಟ್‌ಫೀಲ್ಡಿನಲ್ಲೋ ಕೆಲಸ, ಮನೆ ಕೋಲಾರದಲ್ಲಿ, ಕೈಯಲ್ಲೊಂದು ಡೈವಿಂಗಿನ ಮೆಡಿಕಲ್ ಫಾರಂ. “ಸಾರ್, ಇಲ್ಲೊಂದು ಸೈನು, ಕೆಳಗೆ ಸೀಲು. ನಾಳಿದ್ದು ಫ್ಲೈಟು.” ಮಾಲ್ಡೀವ್ಸಿನ ಮಾಲೆಗೆ ಹಾರಿ, ಅಲ್ಲಿಂದ ವಾರವಿಡೀ ಬೋಟಿನಲ್ಲೇ ಉಂಡು ಮಲಗಿ, ಸಿಲಿಂಡರ್ ಕಟ್ಟಿಕೊಂಡು ದಿನಕ್ಕೆ ಮೂರೋ ನಾಲ್ಕೋ ಸಲ ಸಮುದ್ರದೊಳಗೆ ಡೈವ್ ಮಾಡುವ ಲೈವ್‌ಅಬೋರ್ಡ್ ಪ್ರವಾಸ. ನೇತ್ರಾಣಿ ದ್ವೀಪದಲ್ಲಿ ಒಮ್ಮೆ ಇಳಿದು ರುಚಿ ಹತ್ತಿದೆ, ಅಂಡಮಾನಿನಲ್ಲಿ ಕೋರ್ಸೂ ಮುಗಿದಿದೆ, ಈಗ ಇದು. ಸಂತೋಷ. ಆದರೆ ಇಷ್ಟು ಹೇಳುವುದರೊಳಗೆ ಆಸಾಮಿ ಎರಡು ಸಲ ಮೂಗು ಎಳೆದುಕೊಂಡಿರುತ್ತಾನೆ.

ಮಾಲ್ಡೀವ್ಸಿನ ಸಮುದ್ರ ತಣ್ಣಗೆ ಮಲಗಿರುವ ತಿಂಗಳುಗಳೂ ನಮ್ಮೂರಿನ ನೆಗಡಿಯ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ. ಅದು ಯಾರ ತಪ್ಪೂ ಅಲ್ಲ. ಎರಡು ದಿನ ಮುಂಚೆ ಬರುವುದು ಮಾತ್ರ ತಪ್ಪು.

“ಬ್ಯಾಗಿನಲ್ಲಿ ಏನೇನಿದೆ?” ಎಂದು ಕೇಳಿ ನೋಡಿ, ಪಟ್ಟಿ ಬಾಯಿಪಾಠ. ಕ್ಯಾಬಿನ್ ಚಿಕ್ಕದು ಅಂತ ಮಡಚಿಡಬಹುದಾದ ಮೆತ್ತನೆ ಬ್ಯಾಗು, ಕೈಚೀಲದಲ್ಲಿ ಮಾಸ್ಕು, ಡೈವ್ ಕಂಪ್ಯೂಟರು, ಕ್ಯಾಮೆರಾದ ಬ್ಯಾಟರಿ, ಸರ್ಟಿಫಿಕೇಟು, ಇನ್ಶೂರೆನ್ಸು, ರಾತ್ರಿ ಡೈವಿಗೆ ಎರಡು ಟಾರ್ಚು. ಇದನ್ನೆಲ್ಲ ಇನ್‌ಸ್ಟ್ರಕ್ಟರುಗಳು ಚೆನ್ನಾಗಿ ಕಲಿಸಿರುತ್ತಾರೆ, ನನ್ನದೇನೂ ತಕರಾರಿಲ್ಲ. “ಕಿವಿ?” ಎಂದರೆ, “ಅದಕ್ಕೆ ಮೂಗಿನ ಡ್ರಾಪ್ಸ್ ಬರ್ಕೊಡಿ ಸಾರ್, ಸಾಕು.”

ಆ ಡ್ರಾಪ್ಸಿನ ವಿಷಯಕ್ಕೇ ಈ ಅಂಕಣ.

ನಮ್ಮ ಕಡೆಯವರಿಗೆ ಅರ್ಥವಾಗುವ ಒಂದು ಲೆಕ್ಕ ಇದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರಲ್ಲಿ ಗಣಿ ಮುಚ್ಚಿತು, ಅಲ್ಲಿ ದುಡಿದವರು ಶ್ರವಣಯಂತ್ರ ಕೇಳಿಕೊಂಡು ಈಗಲೂ ಬರುತ್ತಾರೆ. ಡ್ರಿಲ್ಲಿನ ಸದ್ದಿಗೆ ಕಿವಿ ಹೋದವರು. ಕೇಜಿನಲ್ಲಿ ಇಳಿಯುವಾಗ ಕಿವಿ ಕಟ್ಟುತ್ತಿತ್ತು, ಎಂಜಲು ನುಂಗಿಕೊಂಡೇ ಇಳಿಯುತ್ತಿದ್ದೆವು ಎಂದು ಹೇಳುತ್ತಾರೆ. ಅಷ್ಟು ಆಳದ ಗಾಳಿ ಕಿವಿಯ ಮೇಲೆ ಹೇರುವ ಹೆಚ್ಚುವರಿ ಒತ್ತಡವನ್ನು ಲೆಕ್ಕ ಹಾಕಿದರೆ, ಸಮುದ್ರದಲ್ಲಿ ಅದು ಸುಮಾರು ನಾಲ್ಕು ಮೀಟರಿಗೆ ಸಮ. ಎರಡಾಳು ನೀರು, ಅಷ್ಟೇ! ಗಣಿಯವರಿಗೆ ಮೂರು ಕಿಲೋಮೀಟರಿನಲ್ಲಿ ಆಗುತ್ತಿದ್ದದ್ದು ನಿಮಗೆ ಬೋಟಿನಿಂದ ಧುಮುಕಿದ ಅರೆ ನಿಮಿಷದಲ್ಲಿ ಆಗುತ್ತದೆ. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟು. ಅಲ್ಲಿಂದ ಇಪ್ಪತ್ತಕ್ಕೆ ಹೋದರೆ ಮೂರು ಪಟ್ಟು, ಎಂದರೆ ಹತ್ತರಲ್ಲಿದ್ದದ್ದರ ಒಂದೂವರೆಯಷ್ಟೇ, ಮೊದಲಿನ ಹತ್ತಕ್ಕಿಂತ ಏರುಪೇರು ಕಡಿಮೆ. ಕಿವಿ ಪೆಟ್ಟು ತಿನ್ನುವುದು ಹೆಚ್ಚಾಗಿ ಮೇಲಿನ ಕೆಲವೇ ಮೀಟರುಗಳಲ್ಲಿ. ‘ನಾನೇನು ಅಷ್ಟೊಂದು ಆಳಕ್ಕೆ ಹೋಗಲ್ಲ ಸಾರ್’ ಎನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಕೋಣೆ ಇದೆ. ಅದರಿಂದ ಮೂಗಿನ ಹಿಂಬದಿಗೆ ಯೂಸ್ಟೇಷಿಯನ್ ನಾಳ. ಮಾಮೂಲಿಗೆ ಅದು ಮುಚ್ಚಿರುತ್ತದೆ, ನುಂಗಿದಾಗ, ಆಕಳಿಸಿದಾಗ ಅರೆಕ್ಷಣ ತೆರೆಯುತ್ತದೆ. ನೀರಿಗಿಳಿದಾಗ ಹೊರಗಿನ ಒತ್ತಡ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಆಗ ಮೂಗು ಹಿಡಿದು ಮೆಲ್ಲಗೆ ಊದಿ, ನಾಳದ ಮೂಲಕ ಒಳಗೂ ಗಾಳಿ ಬಿಟ್ಟು ಸರಿದೂಗಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಯಾವಾಗ ಬಿಡಬೇಕು ಎಂಬಲ್ಲಿ ಎಡವುತ್ತಾರೆ. ನೋವು ಬರಲಿ, ಆಮೇಲೆ ಊದೋಣ ಎಂದು ಕಾಯುತ್ತಾರೆ. ಸರಿದೂಗಿಸದೆ ಒಂದೂಕಾಲು, ಒಂದೂವರೆ ಮೀಟರ್ ಇಳಿದರೆ ಸಾಕು, ನಾಳದ ಬಾಯಿ ಒತ್ತಡಕ್ಕೇ ಅಂಟಿಕೊಂಡುಬಿಡಬಹುದು. ಹೊರಗಿನಿಂದ ಹತ್ತು ಜನ ಒರಗಿ ನಿಂತ ಬಾಗಿಲನ್ನು ಒಳಗಿನಿಂದ ತಳ್ಳಿದ ಹಾಗೆ, ಎಷ್ಟು ಊದಿದರೂ ಬಿಚ್ಚುವುದಿಲ್ಲ. ಮುಂಚೆಯೇ ತೆರೆದಿದ್ದರೆ ಒಂದು ಬೆರಳು ಸಾಕಾಗುತ್ತಿತ್ತು.

ಹಾಗಾಗಿ ಮೊದಲ ಸಲ ಊದುವುದು ನೀರಿನ ಮೇಲಿರುವಾಗಲೇ. ಆಮೇಲೆ ತಲೆ ಮೇಲು, ಕಾಲು ಕೆಳಗು, ಸಾಧ್ಯವಾದರೆ ಹಗ್ಗ ಹಿಡಿದು, ಶುರುವಿನಲ್ಲಿ ಅರ್ಧ ಅರ್ಧ ಮೀಟರಿಗೆ ಒಮ್ಮೆ. ಬಿಗಿ ಅನ್ನಿಸಿದರೆ ನಿಲ್ಲಿ. ನೋವಾದರೆ ಸ್ವಲ್ಪ ಮೇಲೆ ಬನ್ನಿ, ಅಲ್ಲಿ ಪ್ರಯತ್ನಿಸಿ. ಆಗಲಿಲ್ಲವೋ, ಆ ಡೈವ್ ನಿಮ್ಮದಲ್ಲ. ಮೂಗು ಹಿಡಿದು ಊದುವ ಈ ಉಪಾಯವನ್ನು 1704ರಲ್ಲಿ ವಾಲ್ಸಾಲ್ವಾ ಎಂಬ ಇಟಲಿಯ ವೈದ್ಯ ವಿವರಿಸಿದ್ದು ಕಿವಿಯೊಳಗಿನ ಕೀವನ್ನು ಹೊರಗೆ ಹಾಕಲು. ಡೈವಿಂಗ್ ಅವನ ಕನಸಿನಲ್ಲೂ ಇರಲಿಕ್ಕಿಲ್ಲ. ಮೂಗು ಹಿಡಿದು ಬರೀ ನುಂಗುವುದು ಇನ್ನೊಂದು ರೀತಿ, ಕೆಲವರಿಗೆ ಅದೇ ಚೆನ್ನಾಗಿ ಒಗ್ಗುತ್ತದೆ. ಯಾವುದಾದರೂ ಸರಿ, ಮೆಲ್ಲಗೆ. ಕಣ್ಣು ಕೆಂಪಾಗುವ ಹಾಗೆ ಊದಿದರೆ ತಮಟೆಯಷ್ಟೇ ಅಲ್ಲ, ಒಳಗಿವಿಯ ತೆಳುಪೊರೆಯೂ ಹರಿಯಬಹುದು. ತಮಟೆಯ ಚಿಕ್ಕ ತೂತು ಬಹಳ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಒಳಗಿವಿ ಹಾಳಾದರೆ ಹೋದ ಕೇಳ್ಮೆ ವಾಪಸ್ ಬರುತ್ತದೆಂದು ನಾನು ಮಾತು ಕೊಡಲಾರೆ.

ಈಗ ಡ್ರಾಪ್ಸು. ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್, ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವ ಅವೇ. ಕೆಲವು ಗಂಟೆ ಮೂಗು ಬಿಡಿಸುತ್ತವೆ, ಸುಳ್ಳಲ್ಲ. ಬೆಳಿಗ್ಗೆ ಹಾಕಿ ಇಳಿಯುತ್ತೀರಿ, ಸಲೀಸು. ನೀರಿನಡಿಯಲ್ಲಿರುವಾಗಲೇ ಅದರ ಕಸುವು ಇಳಿಯಿತು ಅಂತಿಟ್ಟುಕೊಳ್ಳಿ. ನಾಳ ಮತ್ತೆ ಊದಿಕೊಂಡಿತು, ಒಳಗೆ ಗಾಳಿ ಸಿಕ್ಕಿಕೊಂಡಿತು. ಮೇಲೆ ಬರುತ್ತಾ ಆ ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ. ಇಳಿಯುವಾಗ ಕಿವಿ ಬಿಡದಿದ್ದರೆ ಬೋಟಿಗೆ ವಾಪಸಾದರಾಯಿತು. ಏರುವಾಗ ಬಿಡದಿದ್ದರೆ? ಸಿಲಿಂಡರ್ ಬರಿದಾಗುತ್ತಿದ್ದರೆ ನೋವಿದ್ದರೂ ಮೇಲೇರಲೇಬೇಕು. ಇನ್ನೊಂದು, ಈ ಡ್ರಾಪ್ಸನ್ನು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿಕೊಂಡರೆ ಮೂಗು ತಿರುಗಿಬಿದ್ದು ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ನಿಮ್ಮ ಪ್ರವಾಸವೋ ಏಳು ದಿನದ್ದು. ಬುಧವಾರ ಅಂತ ಇಟ್ಟುಕೊಳ್ಳಿ, ನಡು ಸಮುದ್ರ, ಬಾಟ್ಲಿ ಮುಗಿಯುತ್ತಾ ಬಂದಿದೆ, ಮೂಗು ಸಿಮೆಂಟು.

ದಡದಲ್ಲಿದ್ದು ಡೈವ್ ಮಾಡುವವರು ಒಂದು ದಿನ ಬಿಟ್ಟು ನಾಳೆ ಹೋಗಬಹುದು. ಲೈವ್‌ಅಬೋರ್ಡಿನಲ್ಲಿ ಇಡೀ ವಾರದ ದುಡ್ಡು ಮೊದಲೇ ಕಟ್ಟಿರುತ್ತೀರಿ, ಬೋಟು ಒಬ್ಬರಿಗಾಗಿ ಕಾಯುವುದಿಲ್ಲ, ಜೊತೆಯವರೆಲ್ಲ ಸಾಲಾಗಿ ಡೈವಿಂಗ್ ದೋಣಿಗೆ ಇಳಿಯುತ್ತಿರುತ್ತಾರೆ, ಕೆಳಗೆ ಮಾಂಟಾ ಮೀನು ಕಾಯುತ್ತಿದೆಯಂತೆ. ಆ ಹೊತ್ತಿಗೆ ಯಾರಿಗೂ ನನ್ನ ಮಾತು ನೆನಪಾಗುವುದಿಲ್ಲ, ನನಗೆ ಗೊತ್ತು. ಅದಕ್ಕೇ ಮನೆಯಲ್ಲಿರುವಾಗಲೇ ತೀರ್ಮಾನಿಸಿಕೊಂಡು ಹೊರಡಿ ಅನ್ನುತ್ತೇನೆ: ಇಷ್ಟು ಡೈವಿನಲ್ಲಿ ಎರಡು ಮೂರು ಹೋದರೆ ಹೋಗಲಿ.

ಹೊರಡುವುದಕ್ಕೆ ಒಂದು ತಿಂಗಳು, ಸಾಧ್ಯವಾದರೆ ಆರು ವಾರ ಮುಂಚೆ ಬನ್ನಿ. ಅಲರ್ಜಿ ಮೂಗಿನವರಿಗೆ ದಿನಾ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಕೊಡಬಹುದು, ಅದು ಕೆಲಸ ಮಾಡಲು ಒಂದೆರಡು ವಾರ ಬೇಕು. ಗುಗ್ಗೆ ಗಟ್ಟಿಯಾಗಿದ್ದರೆ ತೆಗೆಯಬಹುದು. ನೀವು ಮೂಗು ಮುಚ್ಚಿ ಊದುವಾಗ ತಮಟೆ ಅಲುಗುತ್ತದೆಯೋ ಇಲ್ಲವೋ ನಾನು ಕಣ್ಣಾರೆ ನೋಡಬಹುದು. ಫಾರಂನಲ್ಲಿ ಆಸ್ತಮಾ, ಹೃದಯ, ಬಿಪಿಯ ಪ್ರಶ್ನೆಗಳಿಗೆ ಹೌದು ಎಂದು ಗುರುತು ಹಾಕಿದ್ದರೆ ಫಿಸಿಷಿಯನ್ ಹತ್ತಿರವೂ ಹೋಗಬೇಕು. ಅವಕ್ಕೆ ನನ್ನ ಸಹಿ ಸಾಲದು. ಸುಳ್ಳು ಬರೆದು ಇಲ್ಲ ಎಂದರೆ ಬೋಟಿನವರಿಗೆ ಗೊತ್ತಾಗದು, ಸಮುದ್ರಕ್ಕೆ ಗೊತ್ತಾಗುತ್ತದೆ.

ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗ, ಮಾವಿನ ತೋಟದವರ ಮನೆ, ಅವರಮ್ಮನನ್ನೂ ಸೋದರಮಾವನನ್ನೂ ಕರೆದುಕೊಂಡು ಬಂದಿದ್ದ. ಸೋದರಮಾವ ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು: “ನಮ್ಮ ಬಾವಿಯಲ್ಲಿ ತಳ ಮುಟ್ಟಿ ಮಣ್ಣು ತರ್ತಿದ್ದ ಹುಡುಗ ಡಾಕ್ಟ್ರೇ ಇವನು. ಇವನಿಗೆ ಯಾವ ಸಮುದ್ರ?” ಕಿವಿಯೊಳಗೆ ಬೆಳಕು ಬಿಟ್ಟು ನೋಡಿದೆ. ಎಡ ತಮಟೆಯಲ್ಲಿ ತೂತು, ಅಂಚು ಒಣಗಿದೆ, ಹಳೆಯದು. ಏನೂ ಗೊತ್ತಿಲ್ಲದವನ ಹಾಗೆ ಹುಡುಗ ನನ್ನ ಮುಖ ನೋಡಿದ. ಅವರಮ್ಮ ಮೆಲ್ಲಗೆ, “ಚಿಕ್ಕೋನಿದ್ದಾಗ ಸೋರ್ತಿತ್ತು ಸಾರ್. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡ್ತಿದ್ದೆ. ನಿಂತೋಯ್ತು” ಅಂದರು. ಸೋರುವುದು ನಿಂತಿತ್ತು, ತೂತು ನಿಂತೇ ಇತ್ತು. ಆ ತೂತಿನಿಂದ ತಣ್ಣೀರು ಒಳಗೆ ಹೋದರೆ ನೀರಿನಡಿಯಲ್ಲೇ ತಲೆ ಗಿರ್ರೆಂದು ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಹೋಗಬಹುದು. ಸಹಿ ಹಾಕಲಿಲ್ಲ. ಸೋದರಮಾವ ನನ್ನ ಫೀಸು ಕೊಟ್ಟ ರೀತಿಯಲ್ಲೇ ಸಿಟ್ಟು ಕಾಣುತ್ತಿತ್ತು. ಹುಡುಗ ಮಾತ್ರ ಕೆಲವು ತಿಂಗಳ ಮೇಲೆ ಒಬ್ಬನೇ ಬಂದು ಆಪರೇಷನ್ ವಿಚಾರಿಸಿದ. ಅದಾದ ಮೇಲೂ ಡೈವ್ ಮಾಡಬಹುದೋ ಇಲ್ಲವೋ ಅನ್ನುವುದು ತಮಟೆ ಗಟ್ಟಿಯಾಗಿ ಕೂತ ಮೇಲಿನ ಮಾತು ಎಂದಿದ್ದೇನೆ. ಒಳ್ಳೆಯ ಹುಡುಗ, ತಾಳ್ಮೆ ಇದೆ.

ಎಣ್ಣೆ ಎಂದ ಕೂಡಲೇ ನೆನಪಾಯಿತು. ಹೊರಡುವ ಹಿಂದಿನ ರಾತ್ರಿ ಅಜ್ಜಿಯರು ಬಿಡುವ ಬಿಸಿ ಎಣ್ಣೆ, ಹತ್ತಿ ಸುತ್ತಿದ ಕಡ್ಡಿ, ಬಡ್ಸು ಯಾವುದೂ ಬೇಡ. ದಿನಕ್ಕೆ ನಾಲ್ಕು ಸಲ ನೆನೆಯುವ ಕಿವಿಗೆ ಒಂದಿಷ್ಟು ಗುಗ್ಗೆಯ ಲೇಪ ಇದ್ದರೆ ಅದೇ ಕಾವಲು. ಪ್ರತಿ ಡೈವ್ ಆದಮೇಲೆ ಸಿಹಿನೀರಿನಲ್ಲಿ ಕಿವಿ ತೊಳೆದು, ತಲೆ ವಾಲಿಸಿ ನೀರು ಬಸಿದು, ಟವೆಲ್ಲಿನ ತುದಿಯಲ್ಲಿ ಹೊರಗಷ್ಟೇ ಒರೆಸಿ. ಕಿವಿ ಒಣಗಿಸುವ ಅಸೆಟಿಕ್ ಆಮ್ಲದ ಹನಿ ತಮಟೆ ಗಟ್ಟಿ ಇದ್ದವರಿಗೆ ಮಾತ್ರ. ಈಜುಕೊಳದ ಇಯರ್ ಪ್ಲಗ್ ಬ್ಯಾಗಿನಲ್ಲಿದ್ದರೆ ಇಲ್ಲೇ ತೆಗೆದಿಟ್ಟು ಹೋಗಿ. ಅದರ ಹಿಂದೆ ಸಿಕ್ಕಿದ ಗಾಳಿಗೆ ಒತ್ತಡ ಸರಿದೂಗಿಸುವ ದಾರಿಯೇ ಇಲ್ಲ.

ವಾಂತಿ ಮಾತ್ರೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಸ್ಸಿಗೆ ನುಂಗುವ ಅವೋಮಿನ್ ನಿದ್ದೆ ಬರಿಸುತ್ತದೆ, ನಿದ್ದೆಗಣ್ಣಿನಲ್ಲಿ ಡೈವ್ ಮಾಡಬಾರದು. ಸಿನ್ನಾರಿಜಿನ್ ಕೆಲವರಿಗೆ ವಾಸಿ, ಕೆಲವರಿಗೆ ಅದೂ ಮಂಪರು. ಯಾವುದೇ ಆಗಲಿ, ಮನೆಯಲ್ಲಿ ರಜಾ ದಿನ ಒಮ್ಮೆ ನುಂಗಿ ನೋಡಿ. ಮಾತ್ರೆಗಳನ್ನು ಸ್ಟ್ರಿಪ್ಪಿನಲ್ಲೇ, ಚೀಟಿಯ ಜೊತೆ ಒಯ್ಯಿರಿ.

ವಾಪಸ್ ಟಿಕೆಟನ್ನು ಕಡೇ ಡೈವಿಗೆ ಅಂಟಿಸಿಕೊಂಡು ಮಾಡಿಸಬೇಡಿ. ದಿನಗಟ್ಟಲೆ ಡೈವ್ ಮಾಡಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, 24 ಆದರೆ ನನಗೆ ನೆಮ್ಮದಿ. ಅದು ರಕ್ತದಲ್ಲಿನ ನೈಟ್ರೋಜನ್ನಿನ ಕಥೆ, ನನ್ನ ಇಲಾಖೆಯಲ್ಲ. ನನ್ನ ಇಲಾಖೆಯದು ಇದು: ಬಂದ ಮೇಲೆ ಕಿವಿಯಲ್ಲಿ ನೀರು ನಿಂತ ಹಾಗೆ ಅನ್ನಿಸಿದರೆ ಒಂದೆರಡು ದಿನ ನೋಡಬಹುದು. ಆದರೆ ಡೈವಿನ ನಂತರ ತಲೆ ಸುತ್ತು, ಕಿವಿಯಲ್ಲಿ ಗುಯ್ಯೆನ್ನುವ ಸದ್ದು, ಒಂದು ಕಿವಿ ಫೋನಿನಲ್ಲಿ ಮಂದವಾಗಿ ಕೇಳುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಬೋಟಿನಲ್ಲೇ ಗೈಡಿಗೆ ಆ ಕ್ಷಣ ಹೇಳಿ, ಮತ್ತೆ ಇಳಿಯಬೇಡಿ. ಊರಿಗೆ ಬಂದ ಮೇಲೆ ಗೊತ್ತಾದರೆ ಅವತ್ತೇ ಬನ್ನಿ. ಭಾನುವಾರವಾದರೂ ಸರಿ, ಫೋನ್ ಮಾಡಿ. ಎಣ್ಣೆ ಬಿಟ್ಟುಕೊಂಡು ಮಾತ್ರ ಬರಬೇಡಿ, ನನಗೆ ಒಳಗೆ ಏನೂ ಕಾಣುವುದಿಲ್ಲ.