ದೊಡ್ಡ ಎಸಿ ಕೊಳ್ಳುವ ಮೊದಲು ಸೂರು ಮುಟ್ಟಿ ನೋಡಿ

"ಈಗಿರುವ ಎಸಿ ಸಾಕಾಗ್ತಿಲ್ಲ, ಇನ್ನೂ ದೊಡ್ಡದು ಹಾಕಿಸೋಣವಾ?" ಬೇಸಿಗೆ ಬಂತೆಂದರೆ ಆರ್ಕಿಟೆಕ್ಟ್ ಆದ ನನಗೆ ಜನ ಜಾಸ್ತಿ ಕೇಳುವ ಪ್ರಶ್ನೆ ಇದು. ಅಂಥ ಮನೆಗೆ ನಾನು ಹಗಲಿನಲ್ಲಿ ಹೋಗುವುದಿಲ್ಲ, ರಾತ್ರಿ ಎಂಟರ ಮೇಲೆ ಹೋಗುತ್ತೇನೆ. ಒಂದು ಸ್ಟೂಲ್ ಹತ್ತಿ ಸೂರು ಮುಟ್ಟಿ ನೋಡುತ್ತೇನೆ. ಮನೆ ಮೇಲಿನ ಮಹಡಿಯಲ್ಲಿದ್ದರೆ ಆ ಹೊತ್ತಿಗೂ ಅದು ಬೆಚ್ಚಗಿರುತ್ತದೆ.

ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಶಾಖ ಕೆಳಗಿಳಿಯಲು ಕೆಲವು ಗಂಟೆ ಬೇಕು. ಹಾಗಾಗಿ ಮಧ್ಯಾಹ್ನದ ಬಿಸಿಲು ನಮ್ಮನ್ನು ಕಾಡುವುದು ಮಲಗುವ ಹೊತ್ತಿಗೆ. 1 ಟನ್ನಿನ ಎಸಿ ಹೊರಹಾಕಬಲ್ಲ ಶಾಖ ಸುಮಾರು 3,500 ವಾಟ್. ನಡುಮಧ್ಯಾಹ್ನ ತಾರಸಿಯ ಒಂದೊಂದು ಚದರ ಮೀಟರಿನ ಮೇಲೂ ಹತ್ತಿರಹತ್ತಿರ 1,000 ವಾಟ್ ಬಿಸಿಲು ಬೀಳುತ್ತದೆ. ಅದೆಲ್ಲ ಒಳಗೆ ಬರುವುದಿಲ್ಲ, ನಿಜ. ಆದರೂ ಎಸಿ ಎಂಥ ಹೊರೆ ಹೊರುತ್ತಿದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಅದಕ್ಕೇ ಮೊದಲ ಖರ್ಚು ತಾರಸಿಗೆ ಆಗಲಿ ಎನ್ನುತ್ತೇನೆ. ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಬಣ್ಣ ಬಳಿಸಿ. ಕಪ್ಪು ತಾರಸಿಗಿಂತ ಬಿಳಿ ತಾರಸಿಯ ಮೈ ಉರಿಬಿಸಿಲಲ್ಲಿ 20 ಡಿಗ್ರಿಗೂ ಜಾಸ್ತಿ ತಣ್ಣಗಿರಬಹುದು. ಧೂಳು ಕೂತರೆ ಈ ಗುಣ ತಗ್ಗುತ್ತದೆ. ಪ್ರತಿ ಬೇಸಿಗೆಗೆ ಮೊದಲು ಒಮ್ಮೆ ತೊಳೆಯಿರಿ.

ಆಮೇಲೆ ಪಶ್ಚಿಮದ ಕಿಟಕಿ. ಸಂಜೆ ಸೂರ್ಯ ಕೆಳಗಿರುವುದರಿಂದ ಮೇಲಿನ ಸಜ್ಜಾ ಬಿಸಿಲನ್ನು ತಡೆಯಲಾರದು. ಎಷ್ಟೋ ಜನ ಒಳಗೆ ದಪ್ಪ ಪರದೆ ಹಾಕಿ ಸಮಾಧಾನಪಡುತ್ತಾರೆ. ಅಷ್ಟರಲ್ಲಿ ಬಿಸಿಲು ಗಾಜು ದಾಟಿ ಆಗಿರುತ್ತದೆ! ಪರದೆ ಕಾಯುತ್ತದೆ, ಕೋಣೆಯನ್ನೂ ಕಾಯಿಸುತ್ತದೆ. ಅದೇ ಪರದೆ ಗಾಜಿನ ಹೊರಗಿರಬೇಕು. ಬಿದಿರಿನದಾಗಲಿ, ನೆರಳು ಬಲೆಯಾಗಲಿ, ಚಪ್ಪರಕ್ಕೆ ಹಬ್ಬಿಸಿದ ಬಳ್ಳಿಯಾಗಲಿ, ನಡೆಯುತ್ತದೆ.

ಗಾಳಿ ಬರಲಿ ಅಂತ ಹಗಲೆಲ್ಲ ಕಿಟಕಿ ತೆರೆದಿಡುವ ಅಭ್ಯಾಸವನ್ನೂ ಒಮ್ಮೆ ಪರೀಕ್ಷಿಸಿ. ಒಳಗೊಂದು, ಹೊರಗೆ ನೆರಳಲ್ಲೊಂದು ಥರ್ಮಾಮೀಟರ್ ತೂಗುಹಾಕಿ. ಹೊರಗಿನದು ಜಾಸ್ತಿ ತೋರಿಸಿದರೆ ಮುಚ್ಚಿ. ರಾತ್ರಿ ಹೊರಗಿನದು ಒಳಗಿನದಕ್ಕಿಂತ ಕಡಿಮೆಯಾದ ಕೂಡಲೇ ಎದುರುಬದುರು ಕಿಟಕಿ ತೆರೆಯಿರಿ.

ಫ್ಯಾನ್ ತಂಪು ಮಾಡುವುದು ನಮ್ಮ ಮೈಯನ್ನು, ಕೋಣೆಯನ್ನಲ್ಲ. ಖಾಲಿ ಕೋಣೆಯಲ್ಲಿ ಸುಮ್ನೆ ತಿರುಗಿದರೆ ಅದರ ಮೋಟಾರು ಚೂರು ಬಿಸಿಯನ್ನೇ ಸೇರಿಸುತ್ತದೆ. ಹಳೇ ಫ್ಯಾನ್ ಸುಮಾರು 75 ವಾಟ್ ತಿಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಸಾಕು. ಎಸಿ ಜೊತೆ ಫ್ಯಾನ್ ಹಾಕಿದರೆ ಎಸಿಯನ್ನು 2 ಡಿಗ್ರಿ ಏರಿಸಿದರೂ ಸೆಕೆ ಅನ್ನಿಸುವುದಿಲ್ಲ. ಏರಿಸಿದ ಒಂದೊಂದು ಡಿಗ್ರಿಗೂ ಎಸಿಯ ಕರೆಂಟ್ ಶೇ. 5-6ರಷ್ಟು ಉಳಿಯುತ್ತದೆ.

ಆದರೆ ಒಂದು ಮಾತು. ಕೋಣೆಯ ಗಾಳಿ ನಮ್ಮ ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಬಿಸಿಯಾದರೆ ಫ್ಯಾನ್ ಬೀಸುವುದೂ ಬಿಸಿಗಾಳಿಯೇ. ಮನೆಯಲ್ಲಿ ವಯಸ್ಸಾದವರು, ಕೂಸುಗಳು ಇದ್ದರೆ ಅಂಥ ದಿನ ಕರೆಂಟಿನ ಲೆಕ್ಕ ನೋಡಬೇಡಿ. ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲಡಿಯ ಸಂದಿಗೆ ಬಟ್ಟೆ ತುರುಕಿ, ಎಸಿ ಹಾಕಿ.